ಕಲ್ಪಾಕನ ಒಂದು ಒಳ್ಳೆಯ ಫೋಟೋ

ಫೆಬ್ರವರಿ ೧೦, ಮಂಗಳವಾರ

ಅಲ್ಲ, ಪೂಡಲ್‌ನದೇನೂ ತಪ್ಪಿಲ್ಲ, ನಿನ್ನೆಯ ಫೋಟೋ ಕೆಟ್ಟದ್ದರಲ್ಲಿ. ನಿನ್ನೆ ಅದನ್ನೇ ಬರೆಯುತ್ತಿದ್ದೆ, ನಿದ್ದೆ ಬಂತು, ಬೆಳಿಗ್ಗೆ ನೋಡಿದರೆ ಪೆನ್ನು ಹೊದಿಕೆ ಮೇಲೆ ಮಸಿ ಕಾರಿತ್ತು. ತಪ್ಪು ಆ ಯಜಮಾನಿಯದು. ನಾಯಿ ಲೆನ್ಸಿನ ಕಡೆ ನೋಡಲಿ ಎಂದು ನಾನು ಬಾಯಲ್ಲೇ ಇಲಿಯಾದೆ, ಬೆಕ್ಕಾದೆ, ಎಣ್ಣೆ ಕಾಣದ ಬಾಗಿಲಾದೆ. ಆಕೆ ಪಕ್ಕದಲ್ಲಿ ನಿಂತು, "ಚಿನ್ನಾ, ಇಲ್ನೋಡು, ಅಮ್ಮನ್ನ ನೋಡು" ಎನ್ನುತ್ತಿದ್ದಳು. ನಾಯಿ ಅಮ್ಮನನ್ನೇ ನೋಡಿತು. ಎಲ್ಲ ಫೋಟೋದಲ್ಲೂ ಒಂದು ಕಿವಿ, ಅರ್ಧ ಕೆನ್ನೆ.

"ಮೇಸ್ತ್ರಿ, ಇವಳ ಮುಖ ಎಲ್ರೀ?"

"ನಿಮ್ಮ ಹತ್ರಾನೇ ಇದೆ" ಎಂದೆ. ಇಲ್ಲ... ಎನ್ನಲಿಲ್ಲ. ಈಗ ಬರೆಯುವಾಗ ಹೊಳೆದದ್ದು. ಅಲ್ಲಿ ಅಂದದ್ದು ಬೇರೆ. ನಾಳೆ ಮತ್ತೆ ಬನ್ನಿ ಎಂದೆ.

ಮಾತು ಝಿವ್ಕಾಳ ಇಲಾಖೆ. ಮದುವೆಯಾದಾಗಿನಿಂದ ಹಾಗೆಯೇ. ಗಿರಾಕಿ, ಫೋನು, ಜಗಳ, ನಾಯಿಗಳನ್ನು ಕರೆಯುವುದು, ಎಲ್ಲ ಅವಳು. ಬೆಳಕು, ಲೆನ್ಸು ನಾನು. ನನ್ನ ಹಿಂದೆ ಸ್ಟೂಲಿನ ಮೇಲೆ ಕೂತು ನಾಲಿಗೆಯಲ್ಲಿ ಏನೋ ಒಂದು ಸದ್ದು ಮಾಡುತ್ತಿದ್ದಳು, ಕಚ್ಚುವ ನಾಯಿ ಕೂಡ ತಿರುಗಿ ನೋಡುತ್ತಿತ್ತು. ಆ ಸದ್ದನ್ನು ನಾನು ಕೇಳಿದ್ದೆನೇ ಹೊರತು ಹೇಗೆ ಮಾಡುತ್ತಾಳೆಂದು ನೋಡಿರಲಿಲ್ಲ. ನನ್ನ ಕಣ್ಣು ಲೆನ್ಸಿನಲ್ಲಿ.

ಇವತ್ತು ಪೂಡಲ್ ಬರಲಿಲ್ಲ. ಯಾರೂ ಬರಲಿಲ್ಲ. ಸ್ಟುಡಿಯೋದ ದೀಪಗಳನ್ನು ಒಮ್ಮೆ ಹಾಕಿ ನೋಡಿ ಆರಿಸಿದೆ. ನಿನ್ನೆಯ ಬೇಳೆ ಸೂಪನ್ನೇ ಬಿಸಿ ಮಾಡಿಕೊಂಡೆ.

ಫೆಬ್ರವರಿ ೧೨, ಗುರುವಾರ, ಸಂಜೆ

ಗುರುವಾರ ಎಂದರೆ ಶೆಲ್ಟರ್. ಊರ ಹೊರಗೆ, ಇಟ್ಟಿಗೆ ಕಾರ್ಖಾನೆ ಇದ್ದ ಜಾಗದಲ್ಲಿ. ಹೊಸದಾಗಿ ಸೇರಿದ ಬೀದಿ ನಾಯಿಗಳ ಫೋಟೋ ತೆಗೆಯಬೇಕು. ಡಾಕ್ಟರ್ ವೆಸೆಲಾ ಅವನ್ನು ಇಂಟರ್ನೆಟ್ಟಿಗೆ ಏರಿಸುತ್ತಾಳೆ. ಜರ್ಮನಿಯವರೋ ಇಂಗ್ಲೆಂಡಿನವರೋ ಮೆಚ್ಚಿ ತರಿಸಿಕೊಳ್ಳುತ್ತಾರೆ. ಬಲ್ಗೇರಿಯಾದಲ್ಲಿ ಒದೆ ತಿಂದ ನಾಯಿ ಅಲ್ಲಿ ಸೋಫಾ ಮೇಲೆ. ಫೋಟೋ ಚೆನ್ನಾಗಿ ಬಂದರೆ ಬೇಗ ಹೋಗುತ್ತದೆ. ಬರದಿದ್ದರೆ ಕಂಬಿಯ ಹಿಂದೆಯೇ ಮುದಿಯಾಗುತ್ತದೆ. ಒಂದು ಜೀವದ ಹಣೆಬರಹ ನನ್ನ ತೋರುಬೆರಳಲ್ಲಿ. ಈ ಮಾತನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ.

ವೆಸೆಲಾ ಝಿವ್ಕಾಳ ಗೆಳತಿಯ ಮಗಳು. ಅವಳಿಗೆ ಜರ್ಮನ್ ಬರುತ್ತದೆ. ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಕೊಡುವುದು ನನ್ನ ಪಾಲು, ಕಾಲೇಜಿನಲ್ಲಿ ಓದಿದವನೆಂದು. ಓದಿದ್ದೇನೋ ಹೌದು. ಕೃಷಿ ಯಂತ್ರಗಳ ಇಂಜಿನಿಯರಿಂಗು, ಇಂಗ್ಲಿಷೂ ಅದರದೇ. "ದಿ ಟ್ರ್ಯಾಕ್ಟರ್ ಈಸ್ ಇನ್ ದಿ ಫೀಲ್ಡ್" ಎಂಬುದೊಂದು ನಿದ್ದೆಯಲ್ಲೂ ಬರುತ್ತದೆ. ಇವತ್ತು ಒಂದು ಕಂದು ಹೆಣ್ಣು ನಾಯಿಗೆ ಬರೆದೆ: ಗುಡ್ ಕಂಡಿಷನ್, ಸ್ಟ್ರಾಂಗ್ ಬ್ಯಾಕ್ ಲೆಗ್ಸ್, ಲಿಟಲ್ ನಾಯ್ಸ್.

ವೆಸೆಲಾ ಅದನ್ನು ಮೊಬೈಲಿನಲ್ಲಿ ಅನುವಾದ ಮಾಡಿಸಿಕೊಂಡು ಓದಿದಳು. "ಬೊಗೊ ಮಾವ, ಇದು ನಾಯಿನಾ ಟ್ರ್ಯಾಕ್ಟರಾ? ಡೀಸೆಲ್ ಎಷ್ಟು ಕುಡಿಯತ್ತೆ ಅಂತಾನೂ ಬರ್ದುಬಿಡಿ."

ಕೊನೆಯ ಬೋನಿನಲ್ಲಿ ಹೊಸಬ ಒಬ್ಬ. ಮುದುಕ. ಬೂದು ಬಣ್ಣ, ಗುಂಗುರು ಉಣ್ಣೆ. ಮಲಗಿದರೆ ಯಾರೋ ದಾರಿಯಲ್ಲಿ ಬೀಳಿಸಿಕೊಂಡು ಹೋದ ಕುರಿಚರ್ಮದ ಟೋಪಿ, ನಮ್ಮ ಅಜ್ಜಂದಿರ ಕಲ್ಪಾಕ್. ವೆಸೆಲಾ ಅದೇ ಹೆಸರಿಟ್ಟಿದ್ದಾಳೆ. ಕ್ಯಾಮೆರಾ ಎತ್ತಿದೆ. ಗೋಡೆಗೆ ಮುಖ ಮಾಡಿ ಮಲಗಿದ. ಇಳಿಸಿದೆ, ತಿರುಗಿದ. ಎತ್ತಿದೆ, ಮತ್ತೆ ಗೋಡೆ.

ಫೋಟೋ ಇಲ್ಲ.

ಫೆಬ್ರವರಿ ೧೪

ಊರೆಲ್ಲ ದ್ರಾಕ್ಷಿ ಬಳ್ಳಿ ಸವರುವ ಹಬ್ಬ. ಎದುರು ಮನೆಯವರು ಬೆಳಿಗ್ಗೆಯಿಂದಲೇ ವೈನು, ಹಾಡು. ನಾನು ಕೆಳಗಿಳಿದು ಬಾಗಿಲಿಗೆ ಝಿವ್ಕಾ ಸತ್ತು ಆರು ತಿಂಗಳಾದ ಸ್ಮರಣೆಯ ಕಾಗದ ಅಂಟಿಸಿದೆ. ನಲವತ್ತನೇ ದಿನದ್ದು ಮಳೆಗೆ ಬಿಳಿಚಿಕೊಂಡಿತ್ತು, ಅದನ್ನು ಕಿತ್ತೆ. ಮುಖ ಹರಿಯದ ಹಾಗೆ ಕೀಳಲು ಬಹಳ ಹೊತ್ತು ಬೇಕಾಯಿತು.

ಕಾಗದದ ಮೇಲಿನ ಫೋಟೋ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು. ಈ ರೂಸೆ ಊರಿನ ನಾಯಿಗಳ ಮುಖವೆಲ್ಲ ನನ್ನ ಹತ್ತಿರ ಇದೆ. ಅವಳು ಯಾವಾಗಲೂ ಕ್ಯಾಮೆರಾದ ಈಚೆ ಇದ್ದವಳು.

ಎದುರು ಮನೆಯವನು ಗ್ಲಾಸು ಹಿಡಿದೇ ಬಂದ. "ದೇವರು ಅವಳನ್ನ ಕ್ಷಮಿಸ್ಲಿ, ಬೊಗೊಮಿಲಣ್ಣ." ಸತ್ತವರಿಗೆ ನಾವು ಹೇಳುವ ಮಾತನ್ನೇ ಹೇಳಿ ನೆಲಕ್ಕೆ ಎರಡು ಹನಿ ಚೆಲ್ಲಿದ. ಕುಡೀತೀಯಾ ಎಂದ. ಬೇಡ ಎಂದೆ. ಸರಿ ಎಂದು ಹೋದ. ಎರಡನೇ ಸಲ ಕೇಳಿದ್ದರೆ ಕುಡಿಯುತ್ತಿದ್ದೆನೇನೋ.

ಫೆಬ್ರವರಿ ೧೯, ಗುರುವಾರ

ಕಲ್ಪಾಕ್ ಇವತ್ತೂ ಗೋಡೆ. ಲಿವರ್ ತುಂಡು ಹಿಡಿದೆ. ಲಿವರ್ ತಿಂದ, ಗೋಡೆಗೆ ತಿರುಗಿದ.

"ಯಾರೋ ಇವನ ಮುಖಕ್ಕೆ ಏನೋ ಹಿಡ್ದಿರ್ಬೇಕು ಮಾವ. ಬಂದೂಕೋ ಕೋಲೋ" ಎಂದಳು ವೆಸೆಲಾ. "ಎರಡು ದಿನ ಮನೆಗೆ ಕರ್ಕೊಂಡ್ಹೋಗಿ. ಕ್ಯಾಮೆರಾನ ಮೇಜಿನ ಮೇಲೆ ಸುಮ್ನೆ ಬಿಟ್ಟಿರಿ. ಅದೂ ಒಂದು ಪಾತ್ರೆ ಅಂತ ಅವನಿಗೆ ಗೊತ್ತಾಗ್ಲಿ."

"ನನಗೆ ನಾಯಿ ಸಾಕಿ ಗೊತ್ತಿಲ್ಲ."

"ಜೀವಮಾನ ಎಲ್ಲಾ ನಾಯಿ ಫೋಟೋ ತೆಗ್ದು ಸಾಕಿ ಗೊತ್ತಿಲ್ವಾ? ಮಿಠಾಯಿ ಅಂಗಡಿಯವ್ನು ಸಕ್ಕರೆ ರುಚಿ ನೋಡೇ ಇಲ್ಲ ಅಂದ್ನಂತೆ."

ನಿಜವಾಗಿಯೂ ಸಾಕಿಲ್ಲ. ಹಗಲೆಲ್ಲ ಊರ ನಾಯಿಗಳ ಕೂದಲು ಗುಡಿಸುತ್ತೇನೆ, ಮನೆಯಲ್ಲಾದರೂ ನೆಲ ಕಾಣಲಿ ಎನ್ನುತ್ತಿದ್ದಳು ಝಿವ್ಕಾ.

ಎರಡು ದಿನ ಅಷ್ಟೇ ಎಂದೆ.

ಫೆಬ್ರವರಿ ೨೧

ಟ್ರಾಲಿ ಬಸ್ಸಿನಲ್ಲಿ ಕರೆತಂದೆ. ಮೂರು ಮಹಡಿ ಹತ್ತುವಾಗ ಇಬ್ಬರೂ ಪ್ರತಿ ಮಹಡಿಯಲ್ಲಿ ನಿಂತೆವು. ಬಂದವನೇ ಅಡುಗೆಮನೆಯ ಮೇಜಿನ ಕೆಳಗೆ ಸೇರಿಕೊಂಡ. ಬೊಗಳುವುದಿಲ್ಲ, ಊಳಿಡುವುದಿಲ್ಲ. ನನ್ನ ಹಾಗೇ. ಒಂದು ಮನೆಯಲ್ಲಿ ಇಬ್ಬರು ಮೂಗರು.

ಫೆಬ್ರವರಿ ೨೨

ಸೂಪು ಕುಡಿಯುತ್ತಿದ್ದಾಗ ನನ್ನ ಚಪ್ಪಲಿಯ ಮೇಲೆ ಗದ್ದ ಇಟ್ಟ. ಏಳಲಾಗಲಿಲ್ಲ. ಸೂಪು ಮುಗಿದ ಮೇಲೂ ಕೂತೇ ಇದ್ದೆ.

ಮಾರ್ಚ್ ೧, ಭಾನುವಾರ

ಬರೆಯಲು ಪುರುಸೊತ್ತೇ ಆಗಿಲ್ಲ! ಈ ವಾಕ್ಯ ಬರೆದು ನಾನೇ ಎರಡು ಸಲ ಓದಿಕೊಂಡೆ.

ಎರಡು ದಿನ ಎಂದದ್ದು ಮುಗಿದು ಎಷ್ಟೋ ದಿನವಾಯಿತು. ಬೆಳಿಗ್ಗೆ ಡ್ಯಾನ್ಯೂಬ್ ದಂಡೆ, ಸಂಜೆ ಮತ್ತೆ ದಂಡೆ. ದಾರಿಯಲ್ಲಿ ಸಿಕ್ಕವರು ನನ್ನನ್ನು ಬಿಟ್ಟು ಅವನನ್ನು ಮಾತಾಡಿಸುತ್ತಾರೆ. ನನಗೆ ಅದೇ ಅನುಕೂಲ. ವೆಸೆಲಾ ಫೋನು ಮಾಡಿದರೆ "ಇನ್ನೂ ಅಭ್ಯಾಸ ಆಗ್ತಿದೆ" ಎನ್ನುತ್ತೇನೆ. ಯಾರಿಗೆ ಎಂದು ಅವಳು ಕೇಳಿಲ್ಲ.

ಇವತ್ತು ಮಾರ್ಚ್ ಒಂದು, ಎಲ್ಲರ ಕೈಯಲ್ಲೂ ವಸಂತ ಬಂತೆಂದು ಕಟ್ಟುವ ಕೆಂಪು ಬಿಳಿ ದಾರ. ಅಂಗಡಿಯಲ್ಲಿ ಎರಡು ಕೊಂಡೆ. ಒಂದನ್ನು ಕಲ್ಪಾಕನ ಕೊರಳಿಗೆ ಕಟ್ಟಿದೆ. ನನ್ನದನ್ನು ಕಟ್ಟಲು ಯಾರೂ ಇಲ್ಲ. ಒಂದೇ ಕೈಯಲ್ಲಿ ಗಂಟು ಹಾಕಲು ಹೋಗಿ ಹಲ್ಲು ಉಪಯೋಗಿಸಬೇಕಾಯಿತು.

ಆಮೇಲೆ ಆದದ್ದು. ಆಲೂಗಡ್ಡೆ ಸುಲಿಯುತ್ತಿದ್ದೆ, ಒಂದು ಉರುಳಿ ಬಿತ್ತು, ಹೆಕ್ಕಲು ನೆಲಕ್ಕೆ ಕೂತೆ, ಕೂತ ಮೇಲೆ ಸೊಂಟ ಏಳಬೇಡ ಎಂದಿತು. ಸರಿ, ಗೋಡೆಗೊರಗಿ ಕಾಲು ಚಾಚಿದೆ. ಕ್ಯಾಮೆರಾ ಪಕ್ಕದ ಕುರ್ಚಿಯ ಮೇಲೆ, ದಿನವೂ ಇರುವ ಹಾಗೆ. ತೊಡೆಯ ಮೇಲೆ ಇಟ್ಟುಕೊಂಡೆ. ಕಲ್ಪಾಕ್ ಮೇಜಿನ ಕೆಳಗಿನಿಂದ ಹೊರಬಂದ. ಎದುರಿಗೆ ಕೂತ. ಉತ್ತರದ ಕಿಟಕಿ, ಮೋಡದ ಬೆಳಕು, ಅದಕ್ಕಿಂತ ಒಳ್ಳೆಯದನ್ನು ಯಾವ ಸ್ಟುಡಿಯೋ ದೀಪವೂ ಕೊಡುವುದಿಲ್ಲ. ನಾನು ಇಲಿಯಾಗಲಿಲ್ಲ, ಬೆಕ್ಕಾಗಲಿಲ್ಲ. ಒಂದೇ ಒಂದು ಕ್ಲಿಕ್.

ನೇರ ನೋಡಿದ್ದಾನೆ. ಎರಡು ಕಣ್ಣಲ್ಲೂ ಕಿಟಕಿ ಪೂರ್ತಿ ಇದೆ. ಕೊರಳಲ್ಲಿ ದಾರ.

ಆಗಸ್ಟಿನಿಂದೀಚೆ ನಾನು ತೆಗೆದ ಮೊದಲ ಫೋಟೋ ಇದು. ಉಳಿದವೆಲ್ಲ ಬರೀ ಗುಂಡಿ ಒತ್ತಿದ್ದು.

ಮಾರ್ಚ್ ೫, ಗುರುವಾರ

ಶೆಲ್ಟರಿಗೆ ಬೇರೆ ನಾಲ್ಕು ಫೋಟೋ ಒಯ್ದೆ. ಬೇಕೆಂದೇ ಅಲುಗಿಸಿದವು. ವೆಸೆಲಾ ಕಂಪ್ಯೂಟರಿನಲ್ಲಿ ನೋಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು.

"ಏನ್ ಮಾವ ಇದು, ಮಂಜಲ್ಲಿ ಕುರಿನಾ?"

"ಅವನು ನಿಲ್ಲಲ್ಲ."

"ಇವನಾ? ಇವನು ನಿಲ್ಲೋದು ಬಿಟ್ರೆ ಬೇರೇನೂ ಮಾಡಲ್ಲ."

ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಾಗಲಿಲ್ಲ. ನಾಲ್ಕು ದಿನದಿಂದ ಆ ಫೋಟೋ ಕ್ಯಾಮೆರಾದ ಹೊಟ್ಟೆಯಲ್ಲಿದೆ, ನಾನೊಬ್ಬನೇ ನೋಡುತ್ತಿದ್ದೇನೆ. ಒಳ್ಳೆಯ ಫೋಟೋವನ್ನು ಯಾರಿಗಾದರೂ ತೋರಿಸದೆ ಹೇಗಿರುವುದು. ತೋರಿಸಲು ಈಗ ಯಾರಿದ್ದಾರೆ. ಕ್ಯಾಮೆರಾ ಅವಳ ಕೈಗೆ ಕೊಟ್ಟೆ. "ಇದೊಂದು ಸುಮ್ನೆ... ನೋಡು" ಎಂದೆ.

ವೆಸೆಲಾ ಬಹಳ ಹೊತ್ತು ನೋಡಿದಳು. ತಮಾಷೆ ಮಾಡಲಿಲ್ಲ. "ಝಿವ್ಕಾ ಅತ್ತೆ ನೋಡ್ಬೇಕಿತ್ತು" ಎಂದಳು.

ಅಷ್ಟಕ್ಕೆ ನನಗೆ ಸಾಕಾಗಿತ್ತು. ಕ್ಯಾಮೆರಾ ವಾಪಸ್ ಕೊಡುವ ಮೊದಲೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದಳು, ನಾನು ಬಸ್ಸಿಗೆ ಬರುವಷ್ಟರಲ್ಲಿ ಅದನ್ನು ಇಂಟರ್ನೆಟ್ಟಿಗೆ ಹಾಕಿಯಾಗಿತ್ತು. ಬೇಡ ಎಂದು ನಾನು ಹೇಳಿರಲಿಲ್ಲವಲ್ಲ. ಅದು ಅವಳ ಕೆಲಸ.

ಮಾರ್ಚ್ ೯

ಇಂಗ್ಲೆಂಡಿನಿಂದ ಒಬ್ಬಾಕೆ ಕೇಳಿದ್ದಾಳೆ. ಮಿಸೆಸ್ ಲಂಬ್. ಉತ್ತರದ ಕಡೆ ಯಾವುದೋ ಊರು. ಗುರುವಾರ ವೀಡಿಯೋದಲ್ಲಿ ಮಾತಾಡಬೇಕಂತೆ, ಫೋಟೋ ತೆಗೆದವರೂ ಇರಲಿ ಎಂದಿದ್ದಾಳಂತೆ. ನಾಯಿಯ ಸ್ವಭಾವ ಗೊತ್ತಿರುವುದು ಅವರಿಗೇ ಎಂದು.

ಅನ್ನ ಸೇರುತ್ತಿಲ್ಲ. ಕಲ್ಪಾಕನಿಗೆ ಸೇರುತ್ತಿದೆ, ನನ್ನ ಪಾಲೂ.

ಮಾರ್ಚ್ ೧೨, ಗುರುವಾರ, ಬಂದ ತಕ್ಷಣ

ಎಲ್ಲ ಸರಿಹೋಯಿತು. ಸಮಾಧಾನವಾಗಿ ಬರೆಯುತ್ತೇನೆ.

ವೆಸೆಲಾಳ ಮೇಜಿನ ಮೇಲೆ ಔಷಧದ ಡಬ್ಬಕ್ಕೆ ಒರಗಿಸಿ ಮೊಬೈಲು ಇಟ್ಟಿತ್ತು. ಮಿಸೆಸ್ ಲಂಬ್ ಕಾಣಿಸಿಕೊಂಡಳು. ಬಿಳೀ ಕೂದಲು, ಹಸಿರು ಸ್ವೆಟರು, ಹಿಂದೆ ಕಡಿದಾದ ಮೆಟ್ಟಿಲು. ಹಲೋ ಹಲೋ ಆಗುವಷ್ಟರಲ್ಲಿ ಲಾರಿಗೆ ಸಿಕ್ಕ ಒಂದು ನಾಯಿಯನ್ನು ಹೊತ್ತು ತಂದರು, ವೆಸೆಲಾ ಕೈಗವಸು ಹಾಕಿಕೊಳ್ಳುತ್ತ ಓಡಿದಳು. ಉಳಿದದ್ದು ನಾನು, ಕಲ್ಪಾಕ್, ಆಕೆ.

ಆಕೆಯ ಇಂಗ್ಲಿಷು ನೀರು ಹರಿದ ಹಾಗೆ. ಪದಕ್ಕೂ ಪದಕ್ಕೂ ನಡುವೆ ಬಾಗಿಲೇ ಇಲ್ಲ. ಗಾರ್ಡನ್ ಎಂಬುದು ತಿಳಿಯಿತು. ಸ್ಟೇರ್ಸ್ ತಿಳಿಯಿತು. ಆ ದಾರ ಯಾರು ಕಟ್ಟಿದ್ದು ಎಂದು ಕೇಳಿದಳು. "ಐ" ಎಂದೆ. ಯಾಕೆ ಎಂದಳು. "ಮಾರ್ಚ್" ಎಂದೆ. ನನ್ನ ಕಾಲೇಜು ವಿದ್ಯೆ ಅಷ್ಟಕ್ಕೇ ಮುಗಿಯಿತು. ಅಷ್ಟರಲ್ಲಿ ಕಲ್ಪಾಕ್ ಬಂದು ನನ್ನ ಬೂಟಿನ ಮೇಲೆ ಗದ್ದ ಇಟ್ಟು ಮಲಗಿದ. ಆಕೆ ಅದನ್ನು ನೋಡಿದಳು. ಮಾತು ನಿಲ್ಲಿಸಿದಳು. ಆಮೇಲೆ ಮಗುವಿಗೆ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ ಕೇಳಿದಳು: ಇವನನ್ನು ನೀವೇ ಇಟ್ಟುಕೊಳ್ಳುವ ಆಸೆ ಇದೆಯಾ?

ಇದು ಮಾತ್ರ ಪೂರ್ತಿ ಅರ್ಥವಾಯಿತು. ಇಂಗ್ಲಿಷ್ ಪದ ಹುಡುಕುವಷ್ಟು ತಾಳ್ಮೆ ಯಾರಿಗಿತ್ತು. ತಲೆಯಾಡಿಸಿದೆ. ಅಡ್ಡಡ್ಡ, ಭುಜವೂ ಅಲುಗುವಷ್ಟು. ಹೌದು, ಇದೆ, ಬೇಕು, ಬೇಕೇ ಬೇಕು.

ಆಕೆ ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ನೀರು. ಥ್ಯಾಂಕ್ಯೂ ಎಂದಳು, ಮತ್ತೆ ಮತ್ತೆ. ನಾನೂ ಥ್ಯಾಂಕ್ಯೂ ಎಂದೆ.

ಎಂಥ ಹೆಂಗಸು! ತಾನು ಕೇಳಿದ ನಾಯಿಯನ್ನು ನನಗೆ ಬಿಟ್ಟುಕೊಟ್ಟು ನನಗೇ ಥ್ಯಾಂಕ್ಯೂ ಹೇಳುತ್ತಾಳೆ. ಇಂಗ್ಲೆಂಡಿನವರ ಬಗ್ಗೆ ಯಾರೇನೇ ಹೇಳಲಿ.

ವೆಸೆಲಾ ಆಪರೇಷನ್‌ನಲ್ಲಿದ್ದಳು. ಹೇಳದೆ ಬಂದೆ.

ಮಾರ್ಚ್ ೧೩

ಬೋಗುಣಿ ಕೊಂ​ಡೆ. ಇಷ್ಟು ದಿನ ಝಿವ್ಕಾಳ ಹಳೆಯ ಬೋಸಿಯಲ್ಲಿ ತಿನ್ನುತ್ತಿದ್ದ. ಅಂಗಡಿಯವಳು "ನಾಯಿ ಇದೆಯಾ ನಿಮ್ಗೆ?" ಎಂದಳು. ಅಡ್ಡ ತಲೆಯಾಡಿಸಿದೆ. "ಇದೆ" ಎಂದು ಬಾಯಲ್ಲೂ ಹೇಳಿದೆ. ಏನು ಹೆಸರು, ಎಷ್ಟು ವಯಸ್ಸು... ಅಂಗಡಿಯಲ್ಲಿ ಇಷ್ಟು ಹೊತ್ತು ನಾನು ನಿಂತು ಮಾತಾಡಿದ್ದು ಇದೇ ಮೊದಲು.

ಮಾರ್ಚ್ ೧೯, ಗುರುವಾರ

ವೆಸೆಲಾ ಬಾಗಿಲಲ್ಲೇ ಸಿಕ್ಕಳು. ಕೈಯಲ್ಲಿ ನಾಯಿಗಳ ನೀಲಿ ಪಾಸ್‌ಪೋರ್ಟಿನ ಕಟ್ಟು.

"ಮಾವ, ಶನಿವಾರ ತ್ಸಾಂಕೋನ ವ್ಯಾನ್ ಹೊರಡತ್ತೆ. ಕಲ್ಪಾಕನ್ನ ನಿಮ್ಮನೆಯಿಂದ್ಲೇ ಹತ್ತಿಸ್ಕೋತಾನೆ. ಸ್ನಾನ ಮಾಡ್ಸಿಡಿ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರೆ! ಮಿಸೆಸ್ ಲಂಬ್ ಮನೆಗೆ. ಅವ್ರು ನಿಮ್ಮನ್ನೇ ಕೇಳಿದ್ರಂತೆ, ಬೇಕಾ ನಿಮ್ಗೆ ಅಂತ. ಬೇಡ್ವೇ ಬೇಡ ಅಂತ ಜೋರಾಗಿ ತಲೆ ಆಡಿಸಿದ್ರಂತೆ. ಅಷ್ಟು ಹಚ್ಕೊಂಡಿದ್ರೂ ನನಗೆ ಬಿಟ್ಟುಕೊಟ್ರು, ದೊಡ್ಡ ಮನಸ್ಸು ಅಂತ ಮೇಲ್‌ನಲ್ಲಿ ಬರ್ದಿದಾರೆ."

ನಮ್ಮ ತಲೆ.

ಹೌದೆಂದರೆ ಅಡ್ಡ ಆಡಿಸುತ್ತೇವೆ, ಇಲ್ಲವೆಂದರೆ ಮೇಲಕ್ಕೆತ್ತುತ್ತೇವೆ. ಉಳಿದ ಲೋಕವೆಲ್ಲ ತಿರುಗಾಮುರುಗಾ. ಗೊತ್ತಿಲ್ಲದ್ದೇನಲ್ಲ, ಹೋಟೆಲಿನಲ್ಲಿ ವಿದೇಶಿಯರು ತಬ್ಬಿಬ್ಬಾಗುವುದನ್ನು ನೋಡಿ ನಕ್ಕವರೇ ನಾವೆಲ್ಲ. ಆ ಹೊತ್ತಿನಲ್ಲಿ ನೆನಪು ಯಾರಿಗಿರುತ್ತದೆ. ಆಸೆಯಾದಾಗ ತಲೆ ಹುಟ್ಟಿದೂರಿನ ಪ್ರಕಾರವೇ ಆಡುತ್ತದೆ.

ವೆಸೆಲಾ ನನ್ನ ಮುಖ ನೋಡುತ್ತಿದ್ದಳು. ಅವಳಿಗೂ ಹೊಳೆಯಿತು. ಮೊದಲು ನಗು ಬಂತು, ಅರ್ಧಕ್ಕೆ ನಿಂತಿತು.

"ಮಾವ... ಅವತ್ತು ನೀವು ಹೌದು ಅಂದ್ರಾ, ಇಲ್ಲ ಅಂದ್ರಾ?"

ಕ್ಯಾಮೆರಾದ ಪಟ್ಟಿ ಬಿಗಿ ಮಾಡಿಕೊಂಡೆ.

"ಹೌದು ಅಂದಿದ್ರೆ ಈಗ್ಲೇ ಹೇಳಿ. ಅವರಿಗೆ ನಾನು ಬರೀತೀನಿ. ಆದ್ರೆ ಒಂದ್ಮಾತು, ತಪ್ಪು ತಿಳೀಬೇಡಿ. ಮೂರನೇ ಮಹಡಿ, ಲಿಫ್ಟ್ ಇಲ್ಲ. ಇವನೂ ಮುದುಕ, ನೀವೂ... ನಾಳೆ ನಿಮ್ಗೇನಾದ್ರೂ ಆದ್ರೆ ಇವನನ್ನ ಮತ್ತೆ ಬೋನಿಗೆ ಹಾಕೋಳು ನಾನೇ."

"ಬೇಡ ಅಂದೆ" ಎಂದೆ. ತಲೆ ಮೇಲಕ್ಕೆತ್ತಿ ತೋರಿಸಿದೆ ಕೂಡ. "ಬೇಡ ಅಂತಾನೇ ಅಂದಿದ್ದು."

ಯಾಕೆ ಹಾಗೆಂದೆ? ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದಕ್ಕೆ. ಮತ್ತೆ ಬೇಕು ಎನ್ನುವುದಕ್ಕೆ ನಾಚಿಕೆ. ಈ ವಯಸ್ಸಿನಲ್ಲಿ ಒಂದು ನಾಯಿಗಾಗಿ ಬಾಯಿಬಿಟ್ಟು ಕೇಳುವುದೆಂದರೆ... ಬೇರೆ ಏನನ್ನೋ ಕೇಳಿದ ಹಾಗೆ.

ಮಾರ್ಚ್ ೨೦

ಸ್ನಾನ ಮಾಡಿಸಿದೆ. ಒದ್ದೆಯಾದರೆ ಅರ್ಧ ನಾಯಿಯೂ ಇಲ್ಲ ಅವನು, ಎಲ್ಲ ಉಣ್ಣೆ. ಒಣಗಲು ಬಾಲ್ಕನಿಯ ಬಿಸಿಲಿನಲ್ಲಿ ಇಬ್ಬರೂ ಕೂತೆವು.

ಮಿಸೆಸ್ ಲಂಬ್‌ಗೆ ಬರೆಯಲು ಕೂತೆ, ಇಂಗ್ಲಿಷಿನಲ್ಲಿ. ಡಿಯರ್ ಮಿಸೆಸ್ ಲಂಬ್. ಐ ಹ್ಯಾವ್... ಐ ಹ್ಯಾಡ್... ಐ ವಿಲ್ ಹ್ಯಾವ್... ಕಾಲೇಜಿನಲ್ಲಿ ಈ ಮೂರಕ್ಕೂ ಒಂದು ಕೋಷ್ಟಕ ಇತ್ತು. ಇದ್ದದ್ದು, ಇರುವುದು, ಇರಲಿರುವುದು. ಯಾವುದು ಯಾವ ಸಾಲಿಗೆ ಎಂದು ಮರೆತಿದೆ. ನನಗೆ ಪೂರ್ತಿ ಬರುವ ವಾಕ್ಯ ಒಂದೇ, ಅದರಲ್ಲಿ ಟ್ರ್ಯಾಕ್ಟರ್ ಇದೆ.

ಹರಿದೆ.

ಬೋಗುಣಿಯನ್ನು ಜೊತೆಗೆ ಕಳಿಸಲೋ ಬೇಡವೋ.

ಮಾರ್ಚ್ ೨೧, ಶನಿವಾರ, ಸಂಜೆ

ಅಕ್ಷರ ಹೇಗಾದರೂ ಇರಲಿ, ಮೊದಲು ಬರೆದುಬಿಡುತ್ತೇನೆ.

ತ್ಸಾಂಕೊ ನಾಲ್ಕರ ಸುಮಾರಿಗೆ ಬಂದ. ದಪ್ಪ ಆಳು. ಖಾಲಿ ಬೋನನ್ನು ಬಾಗಿಲಲ್ಲಿ ಕುಕ್ಕಿ, ಗೋಡೆ ಹಿಡಿದು ನಿಂತ.

"ಅಣ್ಣ, ಇಲ್ಲಿ ನಾಯಿ ಇಳಿಸ್ಬೇಕಾ, ನನ್ನ ಹೆಣ ಇಳಿಸ್ಬೇಕಾ? ಇದೇನು ಮೆಟ್ಲೋ ಶಿಕ್ಷೆನೋ!"

ಕಾಫಿ ಕೊಟ್ಟೆ. ಕಲ್ಪಾಕ್ ಮೇಜಿನ ಕೆಳಗೆ. ಕೆಳಗೆ ರಸ್ತೆಯಲ್ಲಿ ವ್ಯಾನಿನೊಳಗಿನ ನಾಯಿಗಳು ಕೂಗುತ್ತಿದ್ದವು, ಇವನು ಕಿವಿಯನ್ನೂ ಎತ್ತಲಿಲ್ಲ. ತ್ಸಾಂಕೊ ಬಗ್ಗಿ ನೋಡಿದ.

"ಇವನೇನಾ ಸಾಹೇಬ್ರು? ಹತ್ತಿಸ್ಲಾ?"

ತಲೆಯಾಡಿಸಿದೆ. ಯಾವ ಕಡೆಗೆ ಆಡಿಸಿದೆನೋ ದೇವರೇ ಬಲ್ಲ. ನನಗೆ ಗೊತ್ತಾಗಲಿಲ್ಲ.

ಅವನು ಲೋಟ ಕೆಳಗಿಟ್ಟ. "ನನ್ ಹತ್ರ ತಲೆ ಆಡಿಸ್ಬೇಡ ಅಣ್ಣ. ಅರ್ಧ ಆಯಸ್ಸು ಆ ದಾರೀಲಿ ಕಳ್ದು ನನ್ ತಲೆ ಕೆಟ್ಟೋಗಿದೆ. ಅಲ್ಲಿ ಹೌದು ಅಂದ್ರೆ ಇಲ್ಲಿ ಇಲ್ಲ, ಇಲ್ಲಿ ಇಲ್ಲ ಅಂದ್ರೆ ಅಲ್ಲಿ ಹೌದು. ಮನೇಲಿ ಹೆಂಡ್ತಿ ಏನಾದ್ರೂ ಕೇಳಿದ್ರೆ ಎರಡು ಕೈಲಿ ತಲೆ ಹಿಡ್ಕೊಂಡು ಉತ್ತರ ಹೇಳ್ತೀನಿ. ಬಾಯಲ್ಲಿ ಹೇಳು. ಹತ್ತಿಸ್ಲಾ ಬೇಡ್ವಾ?"

"ಬೇಕು" ಎಂದೆ.

"ಏನ್ ಬೇಕು? ಹತ್ತಿಸ್ಬೇಕಾ?"

"ನಾಯಿ."

"ಯಾರಿಗೆ?"

"ನನಗೆ. ನನಗೆ ಬೇಕು." ಅಡುಗೆಮನೆಯಲ್ಲಿ ನನ್ನ ದನಿ ಇಷ್ಟು ಜೋರಾಗಿ ಕೇಳಿ ನಾನೇ ಬೆಚ್ಚಿದೆ. ಕಲ್ಪಾಕ್ ಕೂಡ ಎದ್ದು ಕೂತ.

ತ್ಸಾಂಕೊ ಹೋಗಿ ಖಾಲಿ ಬೋನಿನ ಚಿಲಕ ಹಾಕಿದ. ಆಮೇಲೆ ಜೇಬಿನಿಂದ ಮೊಬೈಲು ತೆಗೆದ. "ಅದನ್ನ ಆಯಮ್ಮಂಗೆ ನೀನೇ ಹೇಳು. ಅಷ್ಟು ದೂರ ಹೋಗಿ ಖಾಲಿ ಬೋನು ಇಳ್ಸಿ ಅಳೋ ಹೆಂಗಸಿನ ಮುಂದೆ ನಾನು ನಿಂತ್ಕೊಳಲ್ಲ. ಆ ಕೆಲ್ಸಕ್ಕೆ ನಂಗೆ ಸಂಬಳ ಇಲ್ಲ."

ನಂಬರ್ ಒತ್ತಿ ನನ್ನ ಕೈಗೆ ಕೊಟ್ಟ. ಆ ಕಡೆ ಗಂಟೆ ಹೊಡೆಯಿತು. ಮಿಸೆಸ್ ಲಂಬ್ ಎತ್ತಿದಳು, ದನಿಯಲ್ಲಿ ಹಬ್ಬ. ಹೊರಟರಾ ಎಂದು ಕೇಳಿದ್ದಿರಬೇಕು.

"ಮಿಸೆಸ್ ಲಂಬ್" ಎಂದೆ. "ಐ ವಾಂಟ್ ಹಿಮ್."

ವಾಟ್ ಎಂದಳು.

"ಮೈ ಹೆಡ್..." ಎಂದೆ. "ಮೈ ಹೆಡ್ ಸ್ಪೀಕ್ ಬಲ್ಗೇರಿಯನ್."

ತ್ಸಾಂಕೊ ಬಿದ್ದು ಬಿದ್ದು ನಕ್ಕ. ಮೊಬೈಲು ಕಿತ್ತುಕೊಂಡು ಆಕೆಯ ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದ. ಹೇಳುವಾಗ ಎರಡೂ ಕಡೆಗೆ ತಲೆಯಾಡಿಸಿದ, ವೀಡಿಯೋ ಇಲ್ಲದಿದ್ದರೂ. ಹೇಳುತ್ತ ಹೇಳುತ್ತ ನಗು ಇಳಿಯಿತು. ಕೇಳಿಸಿಕೊಳ್ಳುತ್ತ ಕಿಟಕಿ ಕಡೆ ಹೋದ. ಆಮೇಲೆ ಮೊಬೈಲನ್ನು ಎದೆಗೊತ್ತಿ ಹಿಡಿದು ನನ್ನ ಕಡೆ ತಿರುಗಿದ.

"ಬಾಯಿ ಇತ್ತಲ್ಲ ನಿಮ್ಗೆ ಅಂತ ಕೇಳ್ತಿದಾರೆ."

ನಾನು ಬಗ್ಗಿ ಕಲ್ಪಾಕನ ತಲೆ ಮೇಲೆ ಕೈಯಿಟ್ಟೆ.

"ಮೆಟ್ಲಿಗೆ ಗೇಟು ಹಾಕ್ಸಿದಾರಂತೆ, ನಾಯಿ ಬೀಳ್ದೆ ಇರ್ಲಿ ಅಂತ. ಈಗ ಆ ಗೇಟು ಯಾರಿಗೆ ಅಂತಿದಾರೆ."

"ಸಾರಿ ಹೇಳು" ಎಂದೆ. "ಬಹಳ ಸಾರಿ ಅಂತ ಹೇಳು."

ಹೇಳಿದ. ಮತ್ತೆ ಕೇಳಿಸಿಕೊಂಡ. ಈ ಸಲ ತುಂಬ ಹೊತ್ತು. "ಆಯ್ತು ಅಂತಾರೆ. ಇಟ್ಕೊಳ್ಳಿ ಅಂತಾರೆ. ಆ ಫೋಟೋನ ಫ್ರಿಜ್ ಮೇಲೆ ಅಂಟಿಸ್ಕೊಂಡಿದ್ರಂತೆ. ದಿನಾ ಬೆಳಿಗ್ಗೆ ಟೀ ಮಾಡೋವಾಗ ಇವನು ನನ್ನನ್ನೇ ನೋಡ್ತಿದಾನೆ ಅಂದ್ಕೋತಿದ್ರಂತೆ. ಈಗ ಗೊತ್ತಾಯ್ತು, ನೋಡ್ತಿದ್ದಿದ್ದು ಕ್ಯಾಮೆರಾ ಹಿಂದೆ ಇದ್ದೋರನ್ನ ಅಂತಿದಾರೆ. ಅದನ್ನ ತೆಗ್ದಿಡ್ತಾರಂತೆ. ಬೇರೆ ಒಂದು ಕಳ್ಸಿಕೊಡ್ಬೇಕಂತೆ ನೀನು."

"ಎಂಥದ್ದು?"

ಕೇಳಿದ. "ಯಾರನ್ನೂ ನೋಡ್ದೆ ಇರೋದು."

ಕಾಫಿ ಆರಿಹೋಯಿತೆಂದು ಬೈದುಕೊಂಡು, ಖಾಲಿ ಬೋನು ಹೊತ್ತುಕೊಂಡು ತ್ಸಾಂಕೊ ಇಳಿದು ಹೋದ. ಡಾಕ್ಟ್ರಮ್ಮನಿಗೆ ತಾನೇ ಹೇಳುತ್ತಾನಂತೆ, ಬೈಗುಳ ಮಾತ್ರ ನನಗಂತೆ. ಬೈಗುಳ ಬಂದೂ ಆಯಿತು, ಫೋನಿನಲ್ಲಿ. ನಿಮಗೇನಾದರೂ ಆದರೆ ಎಂದು ಮತ್ತೆ ಕೇಳಿದಳು. ಗೊತ್ತಿಲ್ಲ ಕಣೇ ಎಂದೆ. ಗೊತ್ತಿಲ್ಲ. ಅದು ನಿಜ.

ಅಲ್ಲಿ ಆಕೆ ಗೇಟಿನ ಹತ್ತಿರ ನಿಂತಿರಬಹುದು. ಇಲ್ಲವೇ ಫ್ರಿಜ್ಜಿನ ಹತ್ತಿರ, ಉಗುರಿನಿಂದ ಅಂಟು ಬಿಡಿಸುತ್ತ. ಫೋಟೋ ಇವತ್ತೇ ಕಳಿಸಬೇಕು. ನಾಳೆಗೆ ಇಡಬಾರದು ಅಂಥದ್ದನ್ನು.

ಇವನು ಕಿಟಕಿಯ ಕೆಳಗೆ ಮಲಗಿದ್ದಾನೆ. ಇಷ್ಟೆಲ್ಲ ಆದದ್ದು ತನ್ನ ವಿಷಯ ಎಂಬ ಅರಿವೇ ಇಲ್ಲ. ಕಣ್ಣು ಮುಚ್ಚಿದೆ, ಮೂಗು ಗೋಡೆಯ ಕಡೆ, ಬೆನ್ನಿನ ಉಣ್ಣೆಯ ಮೇಲೆ ಹೊರಗಿನ ಬೆಳಕು ಇನ್ನೂ ಒಂದು ಬೆರಳಿನಷ್ಟು ಉಳಿದಿದೆ. ಆಕೆ ಕೇಳಿದ್ದು ಇದನ್ನೇ. ಇದೇ ಫೋಟೋ. ಕ್ಯಾಮೆರಾ ಆ ಕಡೆ ಕಪಾಟಿನ ಮೇಲಿದೆ. ಬೆಳಕು ಹೋಗುತ್ತಿದೆ, ಈಗ ಏಳದಿದ್ದರೆ ಇಲ್ಲ. ಆದರೆ ಕುರ್ಚಿ ಸದ್ದಾದರೆ ಇವನು ಕಣ್ಣು ಬಿಡುತ್ತಾನೆ, ಬಿಟ್ಟರೆ ನೋಡುವುದು ನನ್ನನ್ನೇ.